ಮನುಷ್ಯನ ವಂಶವಾಹಿ, ಪ್ರಾಣಿಯ ಮೈ

ಬಾಣಾವರದಿಂದ ಜಾವಗಲ್ಲಿನ ಮಾರ್ಗವಾಗಿ ಹಳೇಬೀಡಿಗೆ ಹೋಗುವ ರಸ್ತೆ ನಮ್ಮ ವಿದ್ಯಾರ್ಥಿಗಳಿಗೆ ಹೊಸದಲ್ಲ. ಆದರೂ ವರ್ಷಕ್ಕೊಮ್ಮೆ ಅವರನ್ನು ಕರೆದುಕೊಂಡು ಆ ಕಡೆಗೆ ಹೋಗಿಬರುವ ವಾಡಿಕೆಯನ್ನು ನಾವು ಇಟ್ಟುಕೊಂಡಿದ್ದೇವೆ. ಕಳೆದ ಬಾರಿ ಹೊಯ್ಸಳೇಶ್ವರ ದೇವಾಲಯದ ಸುತ್ತ ನಡೆಯುತ್ತ, ಆನೆಗಳ ಸಾಲು, ಸಿಂಹಗಳ ಸಾಲು, ಕುದುರೆಸವಾರರ ಸಾಲು, ಪುರಾಣಕಥೆಗಳ ಸಾಲು ಎಂದು ಕೆಳಗಿನಿಂದ ಎಣಿಸುತ್ತ ಬಂದವರು ಮಕರಗಳ ಸಾಲಿನೆದುರು ನಿಂತೆವು. ಮಾರ್ಗದರ್ಶಿಯವರು, "ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ" ಎಂದು ತಮಗೆ ಬಾಯಿಪಾಠವಾಗಿದ್ದುದನ್ನು ಒಪ್ಪಿಸಿದರು. ಆಗ ಹಿಂದಿನಿಂದ ಒಬ್ಬ ವಿದ್ಯಾರ್ಥಿ ಕೇಳಿದನು: "ಸಾರ್, ಮನುಷ್ಯನ ಜೀನುಗಳನ್ನು ಸೇರಿಸಿ ಬೆಳೆಸಿದ ಹಂದಿಯ ಹೃದಯವನ್ನು ಅಮೆರಿಕದಲ್ಲಿ ಒಬ್ಬರಿಗೆ ಜೋಡಿಸಿದರಂತಲ್ಲ, ಆ ಹಂದಿಯೂ ಇಂಥದೇ ಏನು? ಹಾಗೆ ಮಾಡುವುದು ಸರಿಯೆ?"

ಬಸ್ಸಿನ ಹೊತ್ತು ಸಮೀಪಿಸುತ್ತಿತ್ತು. "ಹಂದಿ ಹಂದಿಯೇ ಕಣಪ್ಪ, ಮಕರವೂ ಅಲ್ಲ, ಮನುಷ್ಯನೂ ಅಲ್ಲ. ಅದರಲ್ಲಿ ತಪ್ಪೇನೂ ಇಲ್ಲ" ಎಂದು ಹೇಳಿ ನಾವು ಮುಂದೆ ನಡೆದೆವು. ಹಿಂದಿರುಗುವಾಗ ಜಾವಗಲ್ಲಿನಲ್ಲಿ ಚಹಾಕ್ಕೆಂದು ಇಳಿದೆವು. ಆ ಹುಡುಗನ ತಂದೆಗೆ ಎರಡು ಮೂತ್ರಪಿಂಡಗಳೂ ಕೆಟ್ಟಿವೆಯೆಂದೂ ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗಿ ಯಂತ್ರದ ಮೂಲಕ ರಕ್ತಶುದ್ಧಿ ಮಾಡಿಸಿಕೊಂಡು ಬರುತ್ತಾರೆಂದೂ ತಿಳಿದುದು ಆಗಲೇ. ಅವನು ಕೇಳಿದುದು ಕುತೂಹಲದ ಪ್ರಶ್ನೆಯಾಗಿರಲಿಲ್ಲ. ನಾವು ಕೊಟ್ಟ ಉತ್ತರವೂ ಉತ್ತರವಾಗಿರಲಿಲ್ಲ, ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ತಳ್ಳಿಹಾಕಿದ್ದೆವು ಅಷ್ಟೆ. ಆ ಹಂದಿ ಏನು ಎಂಬುದು ವಿಜ್ಞಾನದ ಪ್ರಶ್ನೆ. ಹಾಗೆ ಮಾಡುವುದು ಸರಿಯೆ ಎಂಬುದು ಬೇರೊಂದು ಪ್ರಶ್ನೆ. ಮೊದಲನೆಯದನ್ನು ಬಿಡಿಸಿಕೊಳ್ಳದೆ ಎರಡನೆಯದಕ್ಕೆ ಹೋಗುವಂತಿಲ್ಲ. ಮೊದಲನೆಯದು ಬಿಡಿಸಿತೆಂದ ಮಾತ್ರಕ್ಕೆ ಎರಡನೆಯದು ತಾನಾಗಿ ಬಗೆಹರಿಯುವುದೂ ಇಲ್ಲ. ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಸಾವಧಾನವಾಗಿ ಬರೆಯಲು ಪ್ರಯತ್ನಿಸುತ್ತೇವೆ.

ಭೌತಶಾಸ್ತ್ರ ಬೋಧಿಸುವವರಿಗೆ ವಂಶವಾಹಿಗಳ ಗೊಡವೆ ಏಕೆಂದು ವಾಚಕರು ಕೇಳಬಹುದು. ವಂಶವಾಹಿಯನ್ನು ಒಂದು ಅಣುವೆಂದು ತಿಳಿದು ವಿಚಾರಮಾಡುವಂತೆ ಅನೇಕರನ್ನು ಪ್ರೇರಿಸಿದವರಲ್ಲಿ ಶ್ರೋಡಿಂಗರ್ ಎಂಬ ಭೌತವಿಜ್ಞಾನಿಯೂ ಒಬ್ಬರು. ಅವರು ೧೯೪೩ರಲ್ಲಿ ಡಬ್ಲಿನ್ನಿನಲ್ಲಿ ಜೀವವನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟರು. ರೋಸಲಿಂಡ್ ಫ್ರಾಂಕ್ಲಿನ್ನರ ಪ್ರಯೋಗಶಾಲೆಯಲ್ಲಿ ತೆಗೆದ ಕ್ಷ-ಕಿರಣ ಚಿತ್ರಗಳಿಲ್ಲದೆ ೧೯೫೩ರಲ್ಲಿ ಡಿ.ಎನ್.ಎ. ಅಣುವಿನ ಜೋಡಿಸುರುಳಿಯ ರಚನೆ ಅಷ್ಟು ಬೇಗ ಹೊರಬೀಳುತ್ತಿರಲಿಲ್ಲ. ನಮ್ಮ ನೆಂಟಸ್ತಿಕೆ ಹಳೆಯದು.

ಡಿ.ಎನ್.ಎ. ಎಂಬುದು ಬಹು ಉದ್ದವಾದ ಒಂದು ಎಳೆ. ಅದರ ಮೇಲೆ ನಾಲ್ಕೇ ಬಗೆಯ ರಾಸಾಯನಿಕ ಘಟಕಗಳು ಒಂದರ ಮುಂದೊಂದರಂತೆ ಸಾಲುಗೊಂಡಿರುತ್ತವೆ. ಅವನ್ನು ನಾಲ್ಕು ಅಕ್ಷರಗಳೆಂದು ಭಾವಿಸಿದರೆ, ಮನುಷ್ಯನ ವಂಶಗ್ರಂಥ ಸುಮಾರು ೩೦೦ ಕೋಟಿ ಅಕ್ಷರಗಳದು. ಅದರಲ್ಲಿ ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಒಂದು ಭಾಗವೇ ಒಂದು ವಂಶವಾಹಿ. ಇಂಥವು ಮನುಷ್ಯನಲ್ಲಿ ಸುಮಾರು ೨೦,೦೦೦ ಇವೆ. ಗಮನಿಸಬೇಕಾದುದೇನೆಂದರೆ, ಈ ನಾಲ್ಕು ಅಕ್ಷರಗಳು ಹಂದಿಯಲ್ಲಿಯೂ ಅವೇ, ಬಾಣಾವರದ ತೋಟಗಳ ತೆಂಗಿನಲ್ಲಿಯೂ ಅವೇ, ಹುಳಿಬಂದ ಹಿಟ್ಟಿನ ಸೂಕ್ಷ್ಮಜೀವಿಯಲ್ಲಿಯೂ ಅವೇ. ಆದುದರಿಂದಲೇ ಒಂದು ಜೀವಿಯ ವಾಕ್ಯವನ್ನು ಇನ್ನೊಂದು ಜೀವಿಯ ಜೀವಕೋಶ ಓದಬಲ್ಲದು.

ಹಾಗಾದರೆ 'ಮನುಷ್ಯನ ವಂಶವಾಹಿ' ಎಂದರೆ ಏನು? ಇನ್ಸುಲಿನ್ನಿನ ಕಥೆಯನ್ನು ನೋಡೋಣ. ಸಿಹಿಮೂತ್ರ ರೋಗದವರ ಪ್ರಾಣವನ್ನುಳಿಸುವ ಈ ವಸ್ತುವನ್ನು ಟೊರಾಂಟೋ ನಗರದಲ್ಲಿ ೧೯೨೧-೨೨ರಲ್ಲಿ ಪ್ರತ್ಯೇಕಿಸಿದರು. ಅಲ್ಲಿಂದ ಮುಂದೆ ಸುಮಾರು ಅರವತ್ತು ವರ್ಷ ಲೋಕಕ್ಕೆ ಬೇಕಾದ ಇನ್ಸುಲಿನ್ನು ಕಸಾಯಿಖಾನೆಗಳಿಂದ, ಹಂದಿ ಮತ್ತು ದನಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. ಇನ್ಸುಲಿನ್ನಿನ ಅಣುವಿನಲ್ಲಿ ೫೧ ಅಮೈನೋ ಆಮ್ಲಗಳಿವೆ. ಹಂದಿಯದಕ್ಕೂ ಮನುಷ್ಯನದಕ್ಕೂ ಇರುವ ವ್ಯತ್ಯಾಸ ಅವುಗಳಲ್ಲಿ ಒಂದು ಮಾತ್ರ, ದನದ್ದಕ್ಕೂ ಮನುಷ್ಯನದಕ್ಕೂ ಮೂರು. ೧೯೭೮ರಲ್ಲಿ ಅಮೆರಿಕದ ವಿಜ್ಞಾನಿಗಳು ಮನುಷ್ಯನ ಇನ್ಸುಲಿನ್ನಿಗೆ ತಕ್ಕ ವಂಶವಾಹಿಯನ್ನು ಕರುಳಿನ ಒಂದು ಸಾಮಾನ್ಯ ಬ್ಯಾಕ್ಟೀರಿಯದೊಳಕ್ಕೆ ಸೇರಿಸಿ ಅದರಿಂದ ಇನ್ಸುಲಿನ್ನನ್ನು ಮಾಡಿಸಿದರು. ೧೯೮೨ರಲ್ಲಿ ಅದು ಔಷಧವಾಗಿ ಅನುಮತಿ ಪಡೆಯಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ ೨೦೦೪ರಲ್ಲಿ ಒಂದು ಬಗೆಯ ಯೀಸ್ಟಿನಿಂದ ಮಾಡಿಸಿದ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಇದರಲ್ಲಿ ಒಂದು ಸ್ವಾರಸ್ಯವಿದೆ. ೧೯೭೮ರ ಆ ವಂಶವಾಹಿಯನ್ನು ಯಾವ ಮನುಷ್ಯನ ಮೈಯಿಂದಲೂ ತೆಗೆದಿರಲಿಲ್ಲ. ರಸಾಯನಶಾಸ್ತ್ರಜ್ಞರು ಸೀಸೆಗಳಲ್ಲಿದ್ದ ಪದಾರ್ಥಗಳಿಂದ ಅಕ್ಷರಕ್ಕೆ ಅಕ್ಷರ ಪೋಣಿಸಿ ಅದನ್ನು ಕಟ್ಟಿದ್ದರು. ಅದರಲ್ಲಿ ಮನುಷ್ಯನದೆನ್ನುವಂಥದು ಯಾವುದು? ಅಕ್ಷರಗಳ ಕ್ರಮ ಮಾತ್ರ, ಎಂದರೆ ಒಂದು ಸುದ್ದಿ. ಅದನ್ನು ಓದಿಕೊಂಡ ಬ್ಯಾಕ್ಟೀರಿಯ ಎಳ್ಳಷ್ಟೂ ಮನುಷ್ಯನಾಗಲಿಲ್ಲ. ನಮ್ಮೂರಿನ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಊಟಕ್ಕೆ ಮುಂಚೆ ಚುಚ್ಚಿಕೊಳ್ಳುವ ಸೂಜಿಯಲ್ಲಿ ಈ ಬೆರಕೆಯ ಫಲವಿದೆ. ಅದರಿಂದ ಯಾರ ಧರ್ಮಬುದ್ಧಿಗೂ ನೋವಾದುದನ್ನು ನಾವು ಕಾಣೆವು. ದನದ, ಹಂದಿಯ ಗ್ರಂಥಿಯನ್ನು ಬಿಟ್ಟು ಇದಕ್ಕೆ ಬಂದುದು ಅನೇಕರಿಗೆ ಸಮಾಧಾನವನ್ನೇ ತಂದಿತು.

ಆದುದರಿಂದ, ಬೆರಸುವುದೇ ತಪ್ಪು, ಪ್ರಕೃತಿಯು ಹಾಕಿದ ಗೆರೆಯನ್ನು ದಾಟುವುದೇ ಪಾಪ ಎಂಬ ವಾದ ನಿಲ್ಲುವಂತೆ ತೋರುವುದಿಲ್ಲ. ಪ್ರಕೃತಿಯೇ ಆ ಗೆರೆಯನ್ನು ಅಷ್ಟು ಗಟ್ಟಿಯಾಗಿ ಎಳೆದಿಲ್ಲ. ಮನುಷ್ಯನ ವಂಶಗ್ರಂಥದಲ್ಲಿ ನೂರಕ್ಕೆ ಸುಮಾರು ಎಂಟು ಪಾಲು, ಹಿಂದೆ ಯಾವಾಗಲೋ ನಮ್ಮ ಪೂರ್ವಜರ ಜೀವಕೋಶಗಳನ್ನು ಹೊಕ್ಕು ಅಲ್ಲಿಯೇ ನೆಲೆಸಿಬಿಟ್ಟ ವೈರಸ್ಸುಗಳ ಅವಶೇಷ. ಕುದುರೆ ಮತ್ತು ಕತ್ತೆಯನ್ನು ಕೂಡಿಸಿ ಹೇಸರಗತ್ತೆಯನ್ನು ಪಡೆಯುವುದು ಪುರಾತನ ಕಾಲದ ವಿದ್ಯೆ. ಅಲ್ಲಿ ಬೆರೆಯುವುದು ಒಂದು ವಂಶವಾಹಿಯಲ್ಲ, ಇಡೀ ಅರ್ಧಭಾಗ. ಕುದುರೆಯ ೬೪ ವರ್ಣತಂತುಗಳಿಂದ ೩೨, ಕತ್ತೆಯ ೬೨ರಿಂದ ೩೧, ಒಟ್ಟು ೬೩. ಆ ಬೆಸಸಂಖ್ಯೆ ಜೋಡಿಗೂಡಲಾರದೆ ಹೇಸರಗತ್ತೆ ಬಂಜೆಯಾಗುತ್ತದೆ. ನಮ್ಮ ತಾತಂದಿರು ಅದರ ಬೆನ್ನಿನ ಮೇಲೆ ಮೂಟೆ ಹೇರಿದರೇ ಹೊರತು ಅದರ ಹುಟ್ಟನ್ನು ಪ್ರಶ್ನಿಸಲಿಲ್ಲ. ಜಾವಗಲ್ಲಿನ ಹೊಯ್ಸಳ ಗುಡಿಯಲ್ಲಿ ಅರ್ಧ ಸಿಂಹ, ಅರ್ಧ ಮನುಷ್ಯನಾದ ದೇವರಿಗೆ ಕೈಮುಗಿಯುವ ಜನ ನಾವು. ಬೆರಕೆಯ ರೂಪವೇ ನಮಗೆ ಹೇಸಿಗೆಯೆಂದು ಹೇಳಿಕೊಳ್ಳುವುದು ಕಷ್ಟ.

ಆದರೆ ಇಷ್ಟಕ್ಕೇ ವಿಚಾರ ಮುಗಿಯಿತೆಂದು ತಿಳಿಯಬಾರದು. ಬ್ಯಾಕ್ಟೀರಿಯಕ್ಕೆ ನರಗಳಿಲ್ಲ. ಇಲಿಗೆ ಇವೆ.

ಸ್ವಿಚ್ಚು ಎಲ್ಲಿದೆ?

೧೯೮೨ರಲ್ಲಿ ಪಾಮಿಟರ್ ಮತ್ತು ಬ್ರಿನ್‌ಸ್ಟರ್ ಎಂಬ ಅಮೆರಿಕದ ವಿಜ್ಞಾನಿಗಳು ಹೆಗ್ಗಣ ಜಾತಿಯ ದೊಡ್ಡ ಇಲಿಯ ಬೆಳವಣಿಗೆಯ ಹಾರ್ಮೋನಿನ ವಂಶವಾಹಿಯನ್ನು ಚುಂಚಿಲಿಯ ಅಂಡಾಣುವಿನೊಳಕ್ಕೆ ಸೂಜಿಯಿಂದ ಸೇರಿಸಿದರು. ಹುಟ್ಟಿದ ಮರಿಗಳಲ್ಲಿ ಕೆಲವು ತಮ್ಮ ಒಡಹುಟ್ಟಿದವುಗಳ ಸುಮಾರು ಎರಡರಷ್ಟು ಬೆಳೆದವು. ಮರುವರ್ಷ ಮನುಷ್ಯನ ವಂಶವಾಹಿಯಿಂದಲೂ ಇದೇ ಪರಿಣಾಮ ಕಂಡಿತು. ಪತ್ರಿಕೆಗಳಲ್ಲಿ ಆ ದೈತ್ಯ ಇಲಿಯ ಚಿತ್ರವನ್ನು ನೋಡಿದವರಿಗೆ ಹಂದಿಯ ನೆನಪಾದುದು ಸಹಜವೇ. ವಾಷಿಂಗ್ಟನ್ನಿನ ಸಮೀಪದ ಬೆಲ್ಟ್ಸ್‌ವಿಲ್ಲಿನಲ್ಲಿರುವ ಸರ್ಕಾರಿ ಕೃಷಿ ಸಂಶೋಧನ ಕೇಂದ್ರದ ವಿಜ್ಞಾನಿಗಳೂ ಕೂಡಿ ಮನುಷ್ಯನ ಬೆಳವಣಿಗೆಯ ವಂಶವಾಹಿಯನ್ನು ಹೊತ್ತ ಹಂದಿಗಳನ್ನು ಪಡೆದು ೧೯೮೫ರಲ್ಲಿ ವರದಿಮಾಡಿದರು. ಕಡಿಮೆ ಮೇವಿನಲ್ಲಿ ಬೇಗ ಬೆಳೆಯುವ, ಕೊಬ್ಬು ಕಡಿಮೆಯಾದ ಹಂದಿ ಅವರ ಉದ್ದೇಶ.

ಕೊಬ್ಬು ಕಡಿಮೆಯಾದುದು ನಿಜ. ಆದರೆ ಹಂದಿಗಳು ಇಲಿಗಳಂತೆ ದೈತ್ಯವಾಗಲಿಲ್ಲ. ಕೀಲುಗಳು ಊದಿಕೊಂಡವು, ನಡೆಯುವಾಗ ಕುಂಟತೊಡಗಿದವು, ಹೊಟ್ಟೆಯಲ್ಲಿ ಹುಣ್ಣುಗಳೆದ್ದವು, ಮಂಕು ಕವಿದಂತೆ ಮಲಗಿದಲ್ಲಿಯೇ ಮಲಗಿರುತ್ತಿದ್ದವು. ಹೆಣ್ಣುಗಳಿಗೆ ಬೆದೆಯೇ ಬರುತ್ತಿರಲಿಲ್ಲ. ಏಕೆ ಹೀಗಾಯಿತು? ಪ್ರತಿ ವಂಶವಾಹಿಗೂ ಅದು ಯಾವಾಗ, ಯಾವ ಅಂಗದಲ್ಲಿ, ಎಷ್ಟು ಕೆಲಸಮಾಡಬೇಕೆಂದು ಹೇಳುವ ಒಂದು ಸ್ವಿಚ್ಚಿರುತ್ತದೆ. ಬೆಳವಣಿಗೆಯ ಹಾರ್ಮೋನು ಸಹಜವಾಗಿ ಮಿದುಳಿನ ತಳದಲ್ಲಿರುವ ಚಿಕ್ಕ ಗ್ರಂಥಿಯಲ್ಲಿ ಹೊತ್ತುಹೊತ್ತಿಗೆ ಅಳತೆಯಾಗಿ ಸ್ರವಿಸುವಂಥದು. ಸೇರಿಸಿದ ವಂಶವಾಹಿಗಾದರೋ ವಿಜ್ಞಾನಿಗಳು ಬೇರೊಂದು ವಂಶವಾಹಿಯ ಸ್ವಿಚ್ಚನ್ನು ಜೋಡಿಸಿದ್ದರು. ಅದು ಯಕೃತ್ತು ಮೊದಲಾದ ಅಂಗಗಳಲ್ಲಿ ಎಡೆಬಿಡದೆ ಉರಿಯಿತು. ಇಸ್ತ್ರಿಪೆಟ್ಟಿಗೆಯಲ್ಲಿರುವ ತಾಪನಿಯಂತ್ರಕವನ್ನು ಕಿತ್ತುಹಾಕಿ ವಿದ್ಯುತ್ತನ್ನು ನೇರವಾಗಿ ಕೊಟ್ಟರೆ ಏನಾಗುವುದೋ ಅದೇ ಆಯಿತು.

ಇಲ್ಲಿ ತಪ್ಪು ಯಾವುದೆಂಬುದನ್ನು ನಮ್ಮ ವಿದ್ಯಾರ್ಥಿಗಳು ಎಚ್ಚರದಿಂದ ಗುರುತಿಸಬೇಕು. ವಂಶವಾಹಿ ಮನುಷ್ಯನದಾದುದು ತಪ್ಪಲ್ಲ. ದನದ ಇದೇ ವಂಶವಾಹಿಯನ್ನು ಹಾಕಿದ ಹಂದಿಗಳೂ ಇದೇ ಬಗೆಯಾಗಿ ನರಳಿದವು. ಸ್ವಲ್ಪ ಅಗ್ಗವಾದ ಮಾಂಸಕ್ಕಾಗಿ, ಪರಿಣಾಮವೇನೆಂದು ಮುಂಗಾಣದೆ, ಒಂದು ಜೀವಿಯನ್ನು ನೋವಿನಲ್ಲಿಯೇ ಹುಟ್ಟಿ ನೋವಿನಲ್ಲಿಯೇ ಬದುಕುವಂತೆ ಮಾಡಿದುದೇ ತಪ್ಪು. ಲಾಭವು ಅಲ್ಪ, ನೋವು ಅಪಾರ. ಇಂಥ ತಕ್ಕಡಿಯನ್ನು ತೂಗಲು ತತ್ತ್ವಶಾಸ್ತ್ರದ ಪದವಿ ಬೇಕಾಗಿಲ್ಲ.

ಇದರ ಪಕ್ಕದಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿ ೧೯೯೦ರಲ್ಲಿ ಹುಟ್ಟಿದ ಟ್ರೇಸಿ ಎಂಬ ಕುರಿಯನ್ನಿಟ್ಟು ನೋಡಿರಿ. ಶ್ವಾಸಕೋಶದ ಒಂದು ಆನುವಂಶಿಕ ರೋಗಕ್ಕೆ ಬೇಕಾದ ಮನುಷ್ಯನ ಪ್ರೋಟೀನೊಂದರ ವಂಶವಾಹಿಯನ್ನು ಅದರಲ್ಲಿಟ್ಟಿದ್ದರು. ಆದರೆ ಸ್ವಿಚ್ಚು ಹಾಲಿನ ಪ್ರೋಟೀನಿನದು. ಕೆಚ್ಚಲಲ್ಲಿ ಮಾತ್ರ, ಹಾಲು ಬರುವಾಗ ಮಾತ್ರ ಕೆಲಸಮಾಡುವಂಥದು. ಆ ಕುರಿ ಮಿಕ್ಕ ಕುರಿಗಳಂತೆಯೇ ಮೇಯ್ದುಕೊಂಡಿತ್ತು. ಹಾಲಿನಲ್ಲಿ ಮಾತ್ರ ಆ ಪ್ರೋಟೀನು ಹೇರಳವಾಗಿತ್ತು. ಇದೇ ಉಪಾಯದಿಂದ ಆಡಿನ ಹಾಲಿನಲ್ಲಿ ಪಡೆದ, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಒಂದು ಔಷಧಕ್ಕೆ ಯೂರೋಪಿನಲ್ಲಿ ೨೦೦೬ರಲ್ಲಿಯೂ ಅಮೆರಿಕದಲ್ಲಿ ೨೦೦೯ರಲ್ಲಿಯೂ ಅನುಮತಿ ದೊರೆಯಿತು. ಹಂದಿಯೂ ಕುರಿಯೂ ಮನುಷ್ಯನ ವಂಶವಾಹಿಯನ್ನು ಹೊತ್ತವೇ. 'ಬೆರಕೆ' ಎಂಬ ಒಂದೇ ಪದದಿಂದ ಎರಡನ್ನೂ ಕರೆದರೆ, ಧರ್ಮಾಧರ್ಮದ ದೃಷ್ಟಿಯಿಂದ ಅವುಗಳ ನಡುವಣ ಅಂತರವೆಲ್ಲ ಮರೆಯಾಗುತ್ತದೆ.

ನಮ್ಮಂತಿರುವುದರಿಂದಲೇ

ಇಲ್ಲಿಯವರೆಗಿನದು ಸುಲಭದ ಭಾಗ. ಕಷ್ಟದ ಭಾಗ ಪ್ರಯೋಗಶಾಲೆಯ ಇಲಿಯಿಂದ ಮೊದಲಾಗುತ್ತದೆ.

೨೦೨೦ರಲ್ಲಿ ಕೊರೋನಾ ಪಿಡುಗು ಹರಡಿದಾಗ, ಔಷಧಗಳನ್ನೂ ಲಸಿಕೆಗಳನ್ನೂ ಪರೀಕ್ಷಿಸಲು ಇಲಿಗಳು ಬೇಕಾದುವು. ಆದರೆ ಆ ವೈರಸ್ಸು ಇಲಿಯನ್ನು ಅಂಟಿಕೊಳ್ಳಲೊಲ್ಲದು. ಮನುಷ್ಯನ ಜೀವಕೋಶಗಳ ಹೊರಮೈಯಲ್ಲಿರುವ ಎ.ಸಿ.ಇ.-೨ ಎಂಬ ಪ್ರೋಟೀನು ಅದಕ್ಕೆ ಬಾಗಿಲು. ಇಲಿಯ ಬಾಗಿಲಿಗೆ ಅದರ ಬೀಗದಕೈ ಸರಿಹೊಂದುತ್ತಿರಲಿಲ್ಲ. ಪುಣ್ಯಕ್ಕೆ, ಹಿಂದಿನ ಸಾರ್ಸ್ ರೋಗದ ಅಧ್ಯಯನಕ್ಕಾಗಿ ಮನುಷ್ಯನ ಎ.ಸಿ.ಇ.-೨ ವಂಶವಾಹಿಯನ್ನು ಹೊತ್ತ ಇಲಿಯ ತಳಿಯೊಂದನ್ನು ಅಮೆರಿಕದ ಅಯೋವಾದಲ್ಲಿ ೨೦೦೭ರಷ್ಟು ಹಿಂದೆಯೇ ಸಿದ್ಧಪಡಿಸಿದ್ದರು. ಆ ತಳಿಯ ಇಲಿಗೆ ರೋಗ ತಗಲುತ್ತದೆ. ತಗಲುವುದಷ್ಟೇ ಅಲ್ಲ, ತೀವ್ರವಾಗಿ ತಗಲಿ ಎಷ್ಟೋ ಸಾಯುತ್ತವೆ.

ಪುಣ್ಯಕ್ಕೆ ಎಂದೆವಲ್ಲ, ಯಾರ ಪುಣ್ಯಕ್ಕೆ? ಟ್ರೇಸಿಯಲ್ಲಿ ಮನುಷ್ಯನ ವಂಶವಾಹಿಯನ್ನಿಟ್ಟುದು ಹಾಲಿಗಾಗಿ. ಇಲ್ಲಿ ಇಟ್ಟುದು ಆ ಪ್ರಾಣಿಗೆ ಮನುಷ್ಯನ ಕಾಯಿಲೆ ಬರಲೆಂದೇ. ನೋವು ಇಲ್ಲಿ ಆಕಸ್ಮಿಕವಲ್ಲ. ಪ್ರಯೋಗದ ಉದ್ದೇಶವೇ ಅದು. ಈ ಸಂಶೋಧನೆಯ ಬುಡದಲ್ಲಿರುವ ತೊಡಕು ಇಲ್ಲಿ ಮುಖಕ್ಕೆ ಮುಖ ಎದುರಾಗುತ್ತದೆ. ಪ್ರಾಣಿಯು ನಮ್ಮನ್ನು ಹೆಚ್ಚುಹೆಚ್ಚಾಗಿ ಹೋಲಿದಷ್ಟೂ ಪ್ರಯೋಗದ ಫಲಿತಾಂಶ ನಂಬಲರ್ಹ. ಆದರೆ ಅದು ನಮ್ಮನ್ನು ಹೆಚ್ಚುಹೆಚ್ಚಾಗಿ ಹೋಲಿದಷ್ಟೂ ಅದರ ಮೇಲೆ ಪ್ರಯೋಗ ನಡೆಸುವ ನಮ್ಮ ಹಕ್ಕು ಸಂದೇಹಾಸ್ಪದ. ಭೌತಶಾಸ್ತ್ರದಲ್ಲಿ ಇಂಥ ಇಕ್ಕಟ್ಟು ನಮಗಿಲ್ಲ. ಲೋಲಕ ತೂಗಿದಾಗ ಅದಕ್ಕೇನೂ ಅನ್ನಿಸುವುದಿಲ್ಲ.

ಇದು ದೂರದೇಶದ ಮಾತಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಇಲಿಗಳ ವಂಶವಾಹಿಗಳನ್ನು ಬೇಕಾದಂತೆ ಮಾರ್ಪಡಿಸಿ ಸಂಶೋಧಕರಿಗೆ ಒದಗಿಸುವ ವಿಭಾಗವೇ ಒಂದಿದೆ. ಅರಸೀಕೆರೆಯಿಂದಲೋ ಬೇಲೂರಿನಿಂದಲೋ ಜೀವವಿಜ್ಞಾನ ಓದಲು ಬೆಂಗಳೂರಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಲ್ಲಿ ಒಬ್ಬಿಬ್ಬರಾದರೂ ನಾಳೆ ಅಂಥ ಕಡೆ ಕೈಗವಸು ತೊಟ್ಟು ನಿಲ್ಲುವವರೇ. ಅವರು ತಿಳಿದಿರಬೇಕಾದ ಕಾನೂನು ೧೯೬೦ರದು. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ವಿಧೇಯಕದಿಂದ ಮೊದಲಾದ ಪ್ರಯತ್ನ, ಆ ವರ್ಷ ಪ್ರಾಣಿಹಿಂಸಾ ನಿವಾರಣ ಕಾಯಿದೆಯಾಗಿ ಕೊನೆಗೊಂಡಿತು. ಆ ಕಾಯಿದೆ ಪ್ರಾಣಿಗಳ ಮೇಲಣ ಪ್ರಯೋಗವನ್ನು ನಿಷೇಧಿಸಲಿಲ್ಲ. ಅದಕ್ಕೆ ಒಂದು ಸಮಿತಿಯ ಕಣ್ಗಾವಲನ್ನು ಒದಗಿಸಿತು. ಸಾಧ್ಯವಾದೆಡೆ ಪ್ರಯೋಗವನ್ನೇ ಬಿಡಬೇಕು, ಚಿಕ್ಕ ಪ್ರಾಣಿಯಿಂದ ತಿಳಿಯಬಹುದಾದುದಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದು, ನೋವಾಗುವಲ್ಲಿ ಅರಿವಳಿಕೆ ಕೊಡಬೇಕು ಎಂಬವು ಅದರ ಆಶಯ. ಇಂಗ್ಲೆಂಡಿನಲ್ಲಿ ರಸೆಲ್ ಮತ್ತು ಬರ್ಚ್ ಎಂಬವರು ೧೯೫೯ರಲ್ಲಿ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ: ಬದಲಿ ಹುಡುಕು, ಸಂಖ್ಯೆ ಇಳಿಸು, ನೋವು ತಗ್ಗಿಸು. ಕಾಯಿದೆಯ ಪುಟಗಳಲ್ಲಿ ಇವೆಲ್ಲ ಚೆನ್ನಾಗಿಯೇ ಇವೆ. ಪಂಜರದ ಬಳಿ ರಾತ್ರಿ ಪಾಳಿಯಲ್ಲಿರುವವನು ಅದನ್ನು ಪಾಲಿಸುತ್ತಾನೆಯೇ ಎಂಬುದರ ಮೇಲೆ ಮಿಕ್ಕುದೆಲ್ಲ ನಿಂತಿದೆ.

ಇನ್ನು ಹಂದಿಯ ಹೃದಯದ ಮಾತು. ೨೦೨೨ರ ಜನವರಿ ೭ರಂದು ಅಮೆರಿಕದ ಮೇರಿಲೆಂಡ್ ವಿಶ್ವವಿದ್ಯಾನಿಲಯದ ವೈದ್ಯರು ೫೭ ವರ್ಷದ ಒಬ್ಬರಿಗೆ ಅದನ್ನು ಜೋಡಿಸಿದರು. ಆ ಹಂದಿಯಲ್ಲಿ ಹತ್ತು ಮಾರ್ಪಾಡುಗಳಾಗಿದ್ದವು. ಅದರ ಜೀವಕೋಶಗಳ ಮೇಲೆ ಒಂದು ಬಗೆಯ ಸಕ್ಕರೆಯ ಗುರುತುಗಳಿರುತ್ತವೆ. ಮನುಷ್ಯನ ರಕ್ತ ಅವನ್ನು ಕಂಡೊಡನೆ ಶತ್ರುವೆಂದು ಮೇಲೆಬಿದ್ದು ಅಂಗವನ್ನು ಬಹುಬೇಗ ಹಾಳುಮಾಡುತ್ತದೆ. ಆ ಗುರುತುಗಳಿಗೆ ಕಾರಣವಾದ ಮೂರು ವಂಶವಾಹಿಗಳನ್ನೂ, ಹೃದಯ ಮಿತಿಮೀರಿ ಬೆಳೆಯದಂತೆ ಇನ್ನೊಂದನ್ನೂ ನಿಲ್ಲಿಸಿದ್ದರು. ರಕ್ತ ಹೆಪ್ಪುಗಟ್ಟದಂತೆ, ದೇಹ ತಿರಸ್ಕರಿಸದಂತೆ ಮನುಷ್ಯನ ಆರು ವಂಶವಾಹಿಗಳನ್ನು ಸೇರಿಸಿದ್ದರು. ಆ ರೋಗಿ ಎರಡು ತಿಂಗಳು ಬದುಕಿ ಮಾರ್ಚ್ ೮ರಂದು ತೀರಿಕೊಂಡರು. ಹೃದಯದಲ್ಲಿ ಹಂದಿಯ ಒಂದು ವೈರಸ್ಸು ಇದ್ದುದು ಆಮೇಲೆ ಪತ್ತೆಯಾಯಿತು. ೨೦೨೪ರ ಮಾರ್ಚಿಯಲ್ಲಿ ಬಾಸ್ಟನ್ನಿನಲ್ಲಿ ಜೋಡಿಸಿದ ಹಂದಿಯ ಮೂತ್ರಪಿಂಡದಲ್ಲಿ ಮಾರ್ಪಾಡುಗಳ ಸಂಖ್ಯೆ ೬೯. ಸಕ್ಕರೆಗೆ ಸಂಬಂಧಿಸಿದವು ಮೂರು, ಸೇರಿಸಿದ ಮನುಷ್ಯನ ವಂಶವಾಹಿಗಳು ಏಳು, ಮಿಕ್ಕ ೫೯ ಹಂದಿಯ ವಂಶಗ್ರಂಥದಲ್ಲಿ ಅಡಗಿರುವ ವೈರಸ್ಸುಗಳನ್ನು ನಿಷ್ಕ್ರಿಯಗೊಳಿಸಲು. ಆ ರೋಗಿಯೂ ಮೇ ತಿಂಗಳಲ್ಲಿ ತೀರಿಕೊಂಡರು, ಆದರೆ ಜೋಡಿಸಿದ ಮೂತ್ರಪಿಂಡವೇ ಕಾರಣವೆಂಬುದಕ್ಕೆ ಸೂಚನೆಯಿಲ್ಲವೆಂದು ಆಸ್ಪತ್ರೆ ತಿಳಿಸಿತು.

ಇಪ್ಪತ್ತು ಸಾವಿರದಲ್ಲಿ ಆರೋ ಏಳೋ ವಂಶವಾಹಿಗಳು ಮನುಷ್ಯನವಾದರೆ ಹಂದಿ ಶೇಕಡ ಎಷ್ಟು ಮನುಷ್ಯನಾಯಿತು? ಹೀಗೆ ಲೆಕ್ಕ ಹಾಕುವ ಚಪಲ ನಮ್ಮಂಥ ಭೌತಶಾಸ್ತ್ರದವರಿಗೆ ಬೇಗ ಬರುತ್ತದೆ. ಅದು ಬರಿಯ ಅರ್ಥವಿಲ್ಲದ ಲೆಕ್ಕ. ಚಿಂಪಾಂಜಿಯ ಡಿ.ಎನ್.ಎ.ಯನ್ನು ನಮ್ಮದರ ಪಕ್ಕದಲ್ಲಿಟ್ಟು ಅಕ್ಷರಗಳನ್ನು ಹೋಲಿಸಿದರೆ ವ್ಯತ್ಯಾಸ ನೂರಕ್ಕೆ ಒಂದೂಕಾಲರಷ್ಟು ಮಾತ್ರ. ಆದರೂ ಚಿಂಪಾಂಜಿ ಬೇಲೂರಿನ ಶಿಲಾಬಾಲಿಕೆಯನ್ನು ಕೆತ್ತಲಿಲ್ಲ. ಆ ಆರು ವಂಶವಾಹಿಗಳು ಕೆಲಸಮಾಡುವುದು ರಕ್ತನಾಳಗಳ ಒಳಮೈ ಮೊದಲಾದೆಡೆ. ಹಂದಿಯ ಮನಸ್ಸನ್ನು ಅವು ಮುಟ್ಟುವುದಿಲ್ಲ. "ಹಂದಿ ಹಂದಿಯೇ" ಎಂದು ಹಳೇಬೀಡಿನಲ್ಲಿ ನಾವು ಹೇಳಿದ ಮಾತಿನಲ್ಲಿ ಇಷ್ಟು ಭಾಗ ನಿಜ.

ಆದರೆ ಹಂದಿಯಾಗಿಯೇ ಅದಕ್ಕೆ ಸಲ್ಲಬೇಕಾದುದೊಂದಿದೆ. ಹಂದಿ ಮಂದಬುದ್ಧಿಯ ಪ್ರಾಣಿಯಲ್ಲ. ಗುಂಪಿನಲ್ಲಿರಬಯಸುವ, ಮೂತಿಯಿಂದ ಮಣ್ಣನ್ನು ಕೆದಕುತ್ತ ಹುಡುಕುತ್ತ ತಿರುಗುವುದೇ ಸ್ವಭಾವವಾದ ಪ್ರಾಣಿ. ಅಂಗದಾನಕ್ಕೆಂದು ಬೆಳೆಸುವ ಹಂದಿಗೆ ರೋಗಾಣು ಸೋಂಕಬಾರದೆಂದು ಅದನ್ನು ತಾಯ ಹೊಟ್ಟೆಯಿಂದ ಶಸ್ತ್ರಕ್ರಿಯೆಯಿಂದ ತೆಗೆದು, ತಾಯಿಯಿಂದ ಬೇರ್ಪಡಿಸಿ, ಶುದ್ಧೀಕರಿಸಿದ ಕೊಠಡಿಯಲ್ಲಿ ಸಾಕುವುದುಂಟು. ಭಾನುವಾರ ಮಾಂಸ ತಿನ್ನುವವರಿಗೆ ಇದನ್ನಾಕ್ಷೇಪಿಸುವ ಹಕ್ಕೆಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಒಂದು ತಪ್ಪನ್ನು ತೋರಿಸಿ ಇನ್ನೊಂದರ ಲೆಕ್ಕ ತೀರಿಸಲಾಗದು ಎಂಬುದಷ್ಟೇ ಅದಕ್ಕೆ ಉತ್ತರ. ನಾಲಗೆಯ ರುಚಿಗೂ ಸಾಯುತ್ತಿರುವವನ ಉಸಿರಿಗೂ ಒಂದೇ ತೂಕವಿಲ್ಲವೆಂಬುದನ್ನೂ ಸೇರಿಸಬಹುದು.

ಇದಲ್ಲದೆ ಮೂರನೆಯವರ ಪ್ರಶ್ನೆಯೊಂದಿದೆ. ಹಂದಿಯ ವೈರಸ್ಸು ರೋಗಿಯ ಮೈಯಲ್ಲಿ ಮನುಷ್ಯನಿಗೆ ಒಗ್ಗಿಕೊಂಡು ಹೊರಬಿದ್ದರೆ, ಅದರ ಫಲವನ್ನು ಅನುಭವಿಸುವವರು ಒಪ್ಪಿಗೆಪತ್ರಕ್ಕೆ ಸಹಿಮಾಡಿದವರಲ್ಲ, ನೀವು ಮತ್ತು ನಾವು. ಒಬ್ಬನ ಸಮ್ಮತಿ ಇಲ್ಲಿ ಸಾಲದು. ಅಸ್ಸಾಮಿನ ಗುವಾಹಾಟಿಯ ಸಮೀಪ ೧೯೯೭ರಲ್ಲಿ ಒಬ್ಬ ವೈದ್ಯರು, ವಂ‍ಶವಾಹಿಯ ಮಾರ್ಪಾಡು ಯಾವುದೂ ಇಲ್ಲದ ಹಂದಿಯ ಹೃದಯವನ್ನು ರೋಗಿಯೊಬ್ಬರಿಗೆ ಜೋಡಿಸಿದ್ದರು. ರೋಗಿ ಒಂದು ವಾರ ಉಳಿದರೆಂದು ವರದಿ. ವೈದ್ಯರು ಅಂಗಗಳ ಕಸಿಯನ್ನು ಕುರಿತ ೧೯೯೪ರ ಕಾಯಿದೆಯಂತೆ ಬಂಧಿತರಾದರು. ಎಲ್ಲರೆದುರಿಗೆ ಮುಂಚಿತವಾಗಿ ಇಟ್ಟು, ಬಲ್ಲವರಿಂದ ಒಪ್ಪಿಸಿಕೊಂಡು ಮಾಡುವುದಕ್ಕೂ ಹಾಗಲ್ಲದೆ ಮಾಡುವುದಕ್ಕೂ ಇರುವ ವ್ಯತ್ಯಾಸ ಬರಿಯ ಕಾಗದಪತ್ರದ ವ್ಯತ್ಯಾಸವಲ್ಲ.

ಮಿದುಳಿನ ಬಾಗಿಲಲ್ಲಿ

ಕೆಚ್ಚಲಿನಲ್ಲಿ, ರಕ್ತನಾಳದಲ್ಲಿ ಮನುಷ್ಯನ ವಂಶವಾಹಿ ಇರುವುದು ಒಂದು. ಮಿದುಳಿನಲ್ಲಿ ಇರುವುದು ಇನ್ನೊಂದು. ಮಾತಿನ ಶಕ್ತಿಯೊಂದಿಗೆ ಸಂಬಂಧವುಳ್ಳ ಫಾಕ್ಸ್-ಪಿ೨ ಎಂಬ ವಂಶವಾಹಿಯನ್ನು ಮನುಷ್ಯನ ಮಾದರಿಗೆ ತಿದ್ದಿದ ಇಲಿಗಳನ್ನು ಜರ್ಮನಿಯ ಲೈಪ್‌ಜಿಗ್ ನಗರದ ವಿಜ್ಞಾನಿಗಳು ೨೦೦೯ರಲ್ಲಿ ವರ್ಣಿಸಿದರು. ಇಲಿಗಳೇನೂ ಮಾತಾಡಲಿಲ್ಲ! ಮರಿಗಳ ಕೀಚಲು ದನಿಯ ಸ್ಥಾಯಿ ಸ್ವಲ್ಪ ಬದಲಾಯಿತು, ಮಿದುಳಿನ ಕೆಲವು ನರಕೋಶಗಳ ಕೊಂಬೆಗಳು ಉದ್ದವಾದುವು. ನಗಬಹುದಾದ ಫಲಿತಾಂಶ. ಮುಂದಿನದು ನಗಿಸುವಂಥದಲ್ಲ.

ಸುಮಾರು ೫೦ ಲಕ್ಷ ವರ್ಷಗಳ ಹಿಂದೆ, ಚಿಂಪಾಂಜಿಯ ವಂಶದಿಂದ ನಮ್ಮ ವಂಶ ಬೇರೆಯಾದಮೇಲೆ, ಒಂದು ವಂಶವಾಹಿಯ ತುಣುಕು ಎರಡಾಗಿ ನಮ್ಮಲ್ಲಿ ಮಾತ್ರ ಉಳಿಯಿತು. ಅದರ ಹೆಸರನ್ನು ಬರೆದರೆ ಅರ್ಧ ಸಾಲು ಹಿಡಿಯುತ್ತದೆ, ಬಿಟ್ಟುಬಿಡೋಣ. ಗರ್ಭದಲ್ಲಿರುವಾಗ ಮಿದುಳಿನ ಹೊರಪದರದ ಮೂಲಕೋಶಗಳನ್ನು ಹೆಚ್ಚಿಸುವುದು ಅದರ ಕೆಲಸ. ಜರ್ಮನಿಯ ಡ್ರೆಸ್ಡೆನ್ನಿನ ಮತ್ತು ಜಪಾನಿನ ವಿಜ್ಞಾನಿಗಳು ಕೂಡಿ ಇದನ್ನು ಮಾರ್ಮೊಸೆಟ್ ಎಂಬ ಅಂಗೈಯಗಲದ ಕೋತಿಯ ಭ್ರೂಣದಲ್ಲಿ ಸೇರಿಸಿದರು. ಮಾರ್ಮೊಸೆಟ್ಟಿನ ಮಿದುಳು ಸಾಮಾನ್ಯವಾಗಿ ನುಣುಪು. ಈ ಭ್ರೂಣಗಳಲ್ಲಿ ಹೊರಪದರ ದೊಡ್ಡದಾಗಿ, ಮನುಷ್ಯನ ಮಿದುಳಿನಲ್ಲಿರುವಂತೆ ಮಡಿಕೆಗಳು ಕಾಣಿಸಿಕೊಂಡವು. ೧೦೧ನೆಯ ದಿನದಲ್ಲಿ, ಹೆರಿಗೆಗೆ ಇನ್ನೂ ಸುಮಾರು ಐವತ್ತು ದಿನವಿರುವಾಗ, ವಿಜ್ಞಾನಿಗಳು ಪ್ರಯೋಗವನ್ನು ಅಲ್ಲಿಗೇ ಮುಗಿಸಿದರು. ೨೦೨೦ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಮರಿಗಳನ್ನು ಹುಟ್ಟಗೊಡಿಸಲಿಲ್ಲ. ಹುಟ್ಟಿದ್ದರೆ ಅವು ಏನನ್ನು ಅರಿಯುತ್ತಿದ್ದವು, ಏನನ್ನು ಅನುಭವಿಸುತ್ತಿದ್ದವು ಎಂಬುದು ಯಾರಿಗೂ ತಿಳಿಯದು. ತಿಳಿಯದಿರುವುದನ್ನೇ ಅವರು ನಿಲ್ಲಿಸಲು ಕಾರಣವಾಗಿ ತೆಗೆದುಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ, ೨೦೧೯ರಲ್ಲಿ, ಚೀನದ ಕುನ್ಮಿಂಗಿನಲ್ಲಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಇನ್ನೊಂದು ಮಾನವ ವಂಶವಾಹಿಯನ್ನು ಹೊತ್ತ ಕೋತಿಗಳನ್ನು ಹುಟ್ಟಿಸಿ, ಅವುಗಳ ನೆನಪಿನ ಶಕ್ತಿಯನ್ನು ಪರೀಕ್ಷಿಸಿದ ವರದಿ ಬಂದಿತು. ಹನ್ನೊಂದರಲ್ಲಿ ಪರೀಕ್ಷೆಯವರೆಗೆ ಬದುಕಿದವು ಐದು. ನೆನಪು ತುಸು ಚುರುಕಾಗಿತ್ತೆಂದು ವರದಿ ಹೇಳುತ್ತದೆ.

ಎರಡೂ ತಂಡಗಳಲ್ಲಿದ್ದವರು ಸಮರ್ಥ ವಿಜ್ಞಾನಿಗಳೇ. ಒಂದು ತಂಡ ನಿಂತಿತು, ಇನ್ನೊಂದು ಮುಂದೆ ಹೋಯಿತು. ನಮಗಾದರೋ ನಿಂತವರ ಕಡೆಗೇ ಮನಸ್ಸು ವಾಲುತ್ತದೆ. ನಮಗಿಂತ ಸ್ವಲ್ಪ ಕಡಿಮೆಯಾಗಿ, ಆದರೆ ತನ್ನ ಜಾತಿಯ ಮಿಕ್ಕೆಲ್ಲಕ್ಕಿಂತ ಹೆಚ್ಚಾಗಿ ಅರಿಯಬಲ್ಲ ಒಂದು ಜೀವ ಪಂಜರದಲ್ಲಿ ಕಣ್ಣುಬಿಟ್ಟರೆ, ಅದಕ್ಕೆ ಒಡನಾಡಿ ಯಾರು? ಅದರ ಪರವಾಗಿ ಒಪ್ಪಿಗೆ ಕೊಡುವವರು ಯಾರು? ಹಾಗೆಂದು ಇದೆಲ್ಲ ಬರಿಯ ಕುತೂಹಲವೆಂದು ತಳ್ಳಿಹಾಕುವಂತೆಯೂ ಇಲ್ಲ. ಮಿದುಳು ಕಿರಿದಾಗಿ ಹುಟ್ಟುವ ಮಕ್ಕಳ ರೋಗದ ಮೂಲ ತಿಳಿಯಬೇಕಾದರೆ ಮಿದುಳು ಹೇಗೆ ದೊಡ್ಡದಾಗುತ್ತದೆಂಬುದು ತಿಳಿಯಲೇಬೇಕು.

ನಮ್ಮ ದೇಶದಲ್ಲಿ ವಂಶವಾಹಿಗಳನ್ನು ಮಾರ್ಪಡಿಸಿದ ಜೀವಿಗಳಿಗೆ ಅನ್ವಯಿಸುವ ನಿಯಮಗಳು ೧೯೮೯ರವು. ಮನುಷ್ಯನ ಮೂಲಕೋಶಗಳನ್ನೇ ಪ್ರಾಣಿಗಳಲ್ಲಿ ಸೇರಿಸುವುದನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ೨೦೦೭ರಲ್ಲಿ ಮಾರ್ಗಸೂಚಿಗಳನ್ನು ಹೊರತಂದು, ೨೦೧೭ರಲ್ಲಿ ಅವನ್ನು ಪರಿಷ್ಕರಿಸಿತು. ಭ್ರೂಣಾವಸ್ಥೆಯ ಪ್ರಾಣಿಯಲ್ಲಿ ಅಂಥ ಕೋಶಗಳನ್ನಿಡಲು ರಾಷ್ಟ್ರಮಟ್ಟದ ಸಮಿತಿಯ ಅನುಮತಿ ಬೇಕು. ಮನುಷ್ಯನ ಕೋಶಗಳು ಅಂಡಾಣುವಾಗಿಯೋ ರೇತಸ್ಸಾಗಿಯೋ ಬೆಳೆಯುವ ಸಂಭವವಿರುವ ಪ್ರಾಣಿಗಳನ್ನು ಮರಿಹಾಕಿಸುವುದು ಸಂಪೂರ್ಣವಾಗಿ ನಿಷಿದ್ಧ. ಇವು ಕೋಶಗಳನ್ನು ಕುರಿತ ಮಾತುಗಳು. ಒಂದೊಂದೇ ವಂಶವಾಹಿಯನ್ನು ಮಿದುಳಿನೊಳಕ್ಕೆ ಕಳುಹಿಸುವ ವಿದ್ಯೆಗೆ ಬೇರೆ ಎಚ್ಚರಿಕೆ ಬೇಕೆಂದು ನಮಗೆ ತೋರುತ್ತದೆ. ಅಲ್ಲಿ ಕೇಳಬೇಕಾದುದು ವಂಶವಾಹಿ ಯಾರದೆಂದಲ್ಲ. ಅದರ ಸ್ವಿಚ್ಚು ಎಲ್ಲಿ ಹೊತ್ತಿಕೊಳ್ಳುತ್ತದೆ, ಹೊತ್ತಿಕೊಂಡಾಗ ಆ ಜೀವಿಗೆ ಏನಾಗುತ್ತದೆ, ಅದು ಹುಟ್ಟುತ್ತದೆಯೇ ಎಂದು.

ಈ ಲೇಖನವನ್ನು ಬರೆಯುವ ಮೊದಲು ಆ ವಿದ್ಯಾರ್ಥಿಯ ಮನೆಗೆ ಹೋಗಿದ್ದೆವು. ತಂದೆಯವರು ತೆಂಗಿನ ತೋಟದ ಅಂಚಿನಲ್ಲಿ ಕುಳಿತಿದ್ದರು. ಮರಣಾನಂತರದ ಅಂಗದಾನವನ್ನು ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿದೆ ಎಂದರು. ಮೇಲೆ ಬರೆದುದನ್ನೆಲ್ಲ, ಇಷ್ಟು ವಿಸ್ತಾರವಾಗಿ ಅಲ್ಲದಿದ್ದರೂ, ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದೆವು. ಅವರು ಹೃದಯದ ವಿಷಯವನ್ನಾಗಲಿ, ಮನುಷ್ಯನ ವಂಶವಾಹಿಯ ವಿಷಯವನ್ನಾಗಲಿ ಕೇಳಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, "ಅಲ್ಲ ಮೇಷ್ಟ್ರೇ, ಆ ಹಂದೀನ ಮಣ್ಣಿನ ಮೇಲೆ ಬಿಡ್ತಾರಾ?" ಎಂದರು.

ಬಿಡುವುದಿಲ್ಲ, ರೋಗಾಣುವಿನ ಭಯ ಎಂದೆವು.

"ಹಂಗಾದ್ರೆ ನಂಗೆ ಅದು ಸಿಕ್ಕಿದ್ರೆ ಬ್ಯಾಡ ಅನ್ನಲ್ಲ. ಆದ್ರೆ ಒಂದು ದಿನ ಆದ್ರೂ ಬಿಡಬಹುದಿತ್ತು" ಎಂದು ಹೇಳಿ, ಹಾಸನದ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.